ಕಳೆಪೆಟ್ಟಿಗೆ

“ಇದು ನಿಮ್ಮದೇ?” ಎಂದು ಪೆಟ್ಟಿಗೆ ಕೇಳಿತು.

ನೇಮಣ್ಣ ಮಗದುಮ್ಮರು ಕೂಡಲೇ ಉತ್ತರ ಕೊಡಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಬ್ಬಿನ ಗಾಡಿಗಳನ್ನು ತೂಗಿಸಿ ನಿವೃತ್ತರಾದ ಮನುಷ್ಯ. ತಕ್ಕಡಿಯ ಮುಳ್ಳು ನಿಂತ ಮೇಲೆಯೇ ಬಾಯಿ ಬಿಡುವ ಅಭ್ಯಾಸ. ಊಟದ ಡಬ್ಬಿಯಷ್ಟು ದೊಡ್ಡದಾದ ಆ ತಾಮ್ರದ ಬಣ್ಣದ ಪೆಟ್ಟಿಗೆ ಮನೆಯ ಕಂಪ್ಯೂಟರಿನ ಪಕ್ಕದಲ್ಲಿ ಕೂತು ಅವರ ಮಾತಿಗಾಗಿ ಕಾಯುತ್ತಿತ್ತು.

“ಹೇಳ್ರಿ ಕಾಕಾ,” ಎಂದ ಇಮಾಮಸಾಬ ನದಾಫ. ಚಿಕ್ಕೋಡಿಯ ಜಾಲಕಚೇರಿಯಿಂದ ಪೆಟ್ಟಿಗೆಯನ್ನು ಹೊತ್ತು ತಂದವನು ಅವನೇ. “ಮೂರು ಸಲಾ ಕೇಳತೈತಿ ಅದು. ಥೇಟ್ ನಮ್ಮ ಮನಿಯಾಕಿ. ಒಂದ ಸಲಾ ಹೇಳಿದ್ರ ನಂಬೂದಿಲ್ಲ.”

“ನನ್ನದಲ್ಲ,” ಎಂದರು ನೇಮಣ್ಣ.

“ನಿಮ್ಮ ಮನೆಯವರದೇ?”

“ಮನಿಯೊಳಗ ನನ್ನ ಬಿಟ್ಟರ ಯಾರೂ ಇಲ್ಲ. ಅಲ್ಲ.”

“ಬೇರುಸಹಿತ ತೆಗೆಯಲೇ?”

“ತಗಿ.”

ಪೆಟ್ಟಿಗೆಯ ಮೇಲೆ ಒಂದು ಹಸಿರು ಗೆರೆ ಹತ್ತಿತು. ಹನ್ನೊಂದು ಸೆಕೆಂಡಿನಲ್ಲಿ ಆರಿತು. ಅಷ್ಟೇ. ಹಿಂದಿನ ಕಾಲದಲ್ಲಿ ಒಂದು ಕುತಂತ್ರಾಂಶವನ್ನು, ಅಂದರೆ ಕೇಡು ಮಾಡಲೆಂದು ಕಂಪ್ಯೂಟರಿನೊಳಗೆ ನುಸುಳಿ ಕೂರುವ ತಂತ್ರಾಂಶವನ್ನು, ತೆಗೆಯಲು ಇಡೀ ದಿನ ಹಿಡಿಯುತ್ತಿತ್ತಂತೆ. ತೆಗೆದರೂ ಪಕ್ಕದ ಮನೆಯಿಂದ ಮತ್ತೆ ಬರುತ್ತಿತ್ತಂತೆ.

ಆ ಕಾಟವನ್ನು ತಪ್ಪಿಸಿದವರು ಧಾರವಾಡದ ವಿಜ್ಞಾನಿ ಡಾಕ್ಟರ್ ನೀಲಾಂಬಿಕಾ ಹೂಗಾರ. ಹಳೆಯ ಸಾಧನಗಳು ಕುತಂತ್ರಾಂಶವನ್ನು ಮುಖ ನೋಡಿ ಗುರುತಿಸುತ್ತಿದ್ದವು; ಕಳ್ಳರು ಮುಖ ಬದಲಿಸಿದರೆ ಮೋಸಹೋಗುತ್ತಿದ್ದವು. ಹೂಗಾರರು ಮುಖವನ್ನು ಬಿಟ್ಟು ನಡಿಗೆಯನ್ನು ಹಿಡಿದರು. ಪ್ರತಿಯೊಂದು ತಂತ್ರಾಂಶವೂ ಕಂಪ್ಯೂಟರಿನ ನೆನಪಿನಲ್ಲಿ ಓಡಾಡುವಾಗ ತನ್ನದೇ ರೀತಿಯಲ್ಲಿ ಹೆಜ್ಜೆ ಹಾಕುತ್ತದೆ, ತನ್ನದೇ ಜಾಗಗಳಲ್ಲಿ ತಡೆಯುತ್ತದೆ. ಅದರ ನಕಲುಗಳೂ ಹಾಗೆಯೇ ನಡೆಯುತ್ತವೆ. ತಂದೆಯ ನಡಿಗೆ ಮಕ್ಕಳಿಗೆ ಬಂದ ಹಾಗೆ. ಪೆಟ್ಟಿಗೆ ಒಂದು ಸಲ ಆ ನಡಿಗೆಯನ್ನು ಕಲಿತುಕೊಂಡರೆ, ಜಗತ್ತಿನ ಯಾವ ಮೂಲೆಯಲ್ಲಿ ಅದರ ನಕಲಿದ್ದರೂ, ಅದನ್ನು ಬರೆದವನ ಮೇಜಿನ ಮೇಲಿನ ಮೊದಲ ಕರಡೇ ಆಗಿದ್ದರೂ, ಒಟ್ಟಿಗೆ ಅಳಿಸಿಬಿಡುತ್ತಿತ್ತು. ಒಂದು ತುಣುಕನ್ನೂ ಉಳಿಸುತ್ತಿರಲಿಲ್ಲ. ಮಾದರಿಗೆಂದು ಇಟ್ಟ ತುಣುಕೊಂದು ಕಳುವಾಗಿ ಮತ್ತೆ ಚಿಗುರಿದ ಮೇಲೆ ಸರಕಾರವೇ ಹಾಗೆ ಕಟ್ಟಳೆ ಮಾಡಿತ್ತು. ಜನ ಅದಕ್ಕೆ ಕಳೆಪೆಟ್ಟಿಗೆ ಎಂದು ಹೆಸರಿಟ್ಟರು. ಮುದುಕರು ಮೋಸಹೋಗುವುದು ನಿಂತಿತು. ಆಸ್ಪತ್ರೆಯ ಯಂತ್ರಗಳು ನಡುವೆ ನಿಲ್ಲುವುದು ತಪ್ಪಿತು. ಅದು ಪುಣ್ಯದ ಕೆಲಸವೇ ಆಗಿತ್ತು, ಅದರಲ್ಲಿ ಸಂಶಯವಿಲ್ಲ.

ನೇಮಣ್ಣನವರ ಮನೆಯ ತೊಂದರೆ ಸಣ್ಣದು, ಆದರೆ ಅವರನ್ನು ಬಹಳ ನೋಯಿಸಿತ್ತು. ವರ್ಷಕ್ಕೊಂದು ಸಲ, ದಶಲಕ್ಷಣ ಪರ್ವ ಮುಗಿದ ಮರುದಿನ, ಅಂದರೆ ಜೈನರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯ ಬೆಳಿಗ್ಗೆ, ತೀರಿಹೋದ ಅವರ ಹೆಂಡತಿ ಚಂಪವ್ವನ ಕೋಣೆಯಲ್ಲಿ ದೀಪ ತಾನಾಗಿ ಹತ್ತುತ್ತಿತ್ತು. ಕಿಟಕಿಯ ಪರದೆ ಸರಿಯುತ್ತಿತ್ತು. ಯಾರೋ ಚಂಪವ್ವನ ಹೆಸರಿನಲ್ಲಿ ಕಂಪ್ಯೂಟರನ್ನು ಹೊಕ್ಕಿದ್ದಾರೆ. ಮನೆಯ ಕಂಪ್ಯೂಟರು ಆಕೆಯೇ ಬಂದಳೆಂದು ತಿಳಿದು ಕೋಣೆಯನ್ನು ಅಣಿಮಾಡುತ್ತಿದೆ. ಮರುಕ್ಷಣ ಕಾವಲಿನ ತಂತ್ರಾಂಶ ಎಚ್ಚತ್ತು, ಸತ್ತವರ ಹೆಸರು ನಡೆದಾಡುವುದನ್ನು ಕಂಡು ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಈ ವರ್ಷ ಊರಿನ ಜಾಲ ಇವರ ಮನೆಯನ್ನೇ ಸಂಶಯದ ಪಟ್ಟಿಗೆ ಸೇರಿಸಿ ಸಂಪರ್ಕ ಕಡಿಯಿತು. ನೀರಿನ ಪಂಪು ನಿಂತಿತು.

“ಕ್ಷಮಾವಣಿ ದಿನಾನ ಯಾಕ ಬರತೈತಿ ಇದು?” ಎಂದು ನೇಮಣ್ಣ ಕೇಳಿದ್ದರು.

“ಕಳ್ಳರು ಶಾಣ್ಯಾ ಇರತಾರ ಕಾಕಾ. ಅವತ್ತ ನಿಮ್ಮ ಮಂದಿ ಸಾವಿರಗಟ್ಟಲೆ ಕ್ಷಮಾ ಕ್ಷಮಾ ಅಂತ ಕಳಸತೀರಿ. ಅದರಾಗ ಇದೂ ನುಸುಳತೈತಿ. ಜಾತ್ರಿಯೊಳಗ ಕಿಸೆ ಕತ್ತರಿಸಿದಂಗ.”

ಆ ಮಾತು ನೇಮಣ್ಣನವರಿಗೆ ಸರಿಯೆನಿಸಿತು. ತನ್ನ ಹೆಂಡತಿಯ ಹೆಸರನ್ನು ಮುಸುಕು ಮಾಡಿಕೊಂಡವನ ಮೇಲೆ ಸಿಟ್ಟೂ ಬಂದಿತ್ತು. ಹಾಗಾಗಿಯೇ ಮೂರನೆಯ ಪ್ರಶ್ನೆಗೆ ಅವರು ತಡಮಾಡಲಿಲ್ಲ.

ಕೆಲಸ ಮುಗಿದ ಮೇಲೆ ಪೆಟ್ಟಿಗೆ ಒಂದು ಚೀಟಿಯನ್ನು ಹೊರಹಾಕುತ್ತದೆ. ಅಳಿದ ತಂತ್ರಾಂಶದ ವಂಶದ ವಿವರ ಅದರಲ್ಲಿ ಇರುತ್ತದೆ. ಇದು ಅಳಿಸಿದ ಮೇಲೆಯೇ ಬರಬೇಕು, ಮೊದಲು ಬರಕೂಡದು ಎಂಬುದು ಹೂಗಾರರ ನಿಯಮ. ಪರಿಚಯದವರ ಹೆಸರು ಕಂಡರೆ ಜನ ಕರಗುತ್ತಾರೆ. ಕಳ್ಳರು ಅಂಥ ಹೆಸರುಗಳನ್ನೇ ಬಳಸುತ್ತಾರೆ. ಆದ್ದರಿಂದ ಮೊದಲು ತೀರ್ಪು, ಆಮೇಲೆ ಹೆಸರು.

ಇಮಾಮಸಾಬ ಚೀಟಿಯನ್ನು ಹರಿದುಕೊಂಡು, ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದತೊಡಗಿದ.

“ಹುಟ್ಟಿದ ಜಾಗಾ, ಮಿರಜ. ನಕಲು, ಒಂದ. ಹೋದ ವಿಳಾಸ, ಇದೊಂದ ಮನಿ. ಎಚ್ಚರಾದದ್ದು, ಎಂಟ ಸಲಾ. ಮಾಡಿದ ಹಾನಿ…” ಅವನು ತಡೆದ. “ಏನೂ ಇಲ್ಲ ಅಂತ ಬರದೈತಲ್ಲ ಇದು. ಒಳಗಿದ್ದದ್ದು, ಮನಷ್ಯಾರ ದನಿ, ನಲವತ್ತೊಂದ ಸೆಕೆಂಡ. ಮಾಡಿದವರು…”

ಅವನು ಮುಂದೆ ಓದಲಿಲ್ಲ. ಚೀಟಿಯನ್ನು ಮಡಚಲು ನೋಡಿದ. ನೇಮಣ್ಣ ಕೈಚಾಚಿದರು. ಕೊಡದೆ ವಿಧಿಯಿರಲಿಲ್ಲ.

ಮಾಡಿದವರು: ತ್ರಿಶಲಾ ನೇಮಣ್ಣ ಮಗದುಮ್.

ತ್ರಿಶಲಾ ಅವರ ಒಬ್ಬಳೇ ಮಗಳು. ಮಿರಜದ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಒಂಬತ್ತು ವರ್ಷಗಳ ಹಿಂದೆ ಚಂಪವ್ವನ ಯಕೃತ್ತು ಕೆಟ್ಟು ವೈದ್ಯರು ಕೈಬಿಟ್ಟಾಗ, ಆಕೆ ತಾನೇ ಇಷ್ಟಪಟ್ಟು, ಮುನಿಗಳ ಅಪ್ಪಣೆ ಪಡೆದು ಸಲ್ಲೇಖನ ವ್ರತ ತೆಗೆದುಕೊಂಡಳು. ಮೊದಲು ಅನ್ನ ಬಿಟ್ಟಳು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ. ಕೊನೆಗೆ ನೀರನ್ನೂ ಬಿಟ್ಟಳು. ನೇಮಣ್ಣ ಪಕ್ಕದಲ್ಲಿ ಕೂತು ಹಗಲೂ ರಾತ್ರಿ ನಮೋಕಾರ ಮಂತ್ರ ಹೇಳುತ್ತಿದ್ದರು. ನೀರು ಬಿಟ್ಟ ಮೂರನೆಯ ಮಧ್ಯಾಹ್ನ ಅವರು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ, ತ್ರಿಶಲಾ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಎರಡು ಚಮಚ ನೀರು ಹಾಕಿದ್ದಳು. ಚಂಪವ್ವ ನುಂಗಿದ್ದಳು. ಅಂದು ಸಂಜೆಯೇ ಪ್ರಾಣ ಹೋಯಿತು.

“ಅಪ್ಪಾ, ಒಂದ ಮಾತ ಕೇಳು,” ಎಂದಿದ್ದಳು ತ್ರಿಶಲಾ.

“ನಿಮ್ಮವ್ವನ ವ್ರತಾ ಕೆಡಿಸಿದಿ. ನಿನ್ನ ಮಾತ ನನಗ ಬ್ಯಾಡ,” ಎಂದು ಅವರು ಹೊರಗೆ ನಡೆದಿದ್ದರು. ಮಗಳ ಫೋನು, ಪತ್ರ, ಸಂದೇಶ ಯಾವುದೂ ಒಳಗೆ ಬರದಂತೆ ಕಂಪ್ಯೂಟರಿಗೆ ಹೇಳಿಬಿಟ್ಟರು. ಐದು ವರ್ಷ ಹಾಗೆಯೇ ಕಳೆಯಿತು. ಆಸ್ಪತ್ರೆಯಲ್ಲಿ ಹಬ್ಬಿದ ಜ್ವರ ಅವಳಿಗೂ ತಗಲಿ ನಾಲ್ಕು ದಿನದಲ್ಲಿ ತೀರಿಕೊಂಡಳು. ನೇಮಣ್ಣ ಮಿರಜಕ್ಕೆ ಹೋಗಿ ಮಾಡಬೇಕಾದ್ದನ್ನೆಲ್ಲ ಮಾಡಿ ಬಂದರು. ಅಳಲಿಲ್ಲ. ಅಳುವುದು ಮೋಹವೆಂದು ತಮಗೆ ತಾವೇ ಹೇಳಿಕೊಂಡರು.

ಅಪ್ಪನ ಬಾಗಿಲು ಮುಚ್ಚಿದೆ ಎಂದು ತಿಳಿದು ಅವಳು ಅವ್ವನ ಹೆಸರಿನ ಬಾಗಿಲಿನಿಂದ ಬಂದಿದ್ದಳು. ಕೇಳುವವರೆಗೂ ವರ್ಷವರ್ಷ ಬಂದು ಬಡಿಯುವ ಹಾಗೆ ಆ ಪುಟ್ಟ ತಂತ್ರಾಂಶವನ್ನು ಕಟ್ಟಿದ್ದಳು. ಅವಳು ಸತ್ತ ಮೇಲೂ ಅದನ್ನು ನಿಲ್ಲಿಸುವವರಿರಲಿಲ್ಲ. ಅದು ಬರುತ್ತಲೇ ಇತ್ತು.

“ಇಮಾಮಾ,” ಎಂದರು ನೇಮಣ್ಣ, ಚೀಟಿಯನ್ನು ಮೊಣಕಾಲಿನ ಮೇಲೆ ನೇರಮಾಡುತ್ತ. “ಇದನ್ನ ತಿರುಗಿ ತರಸಾಕ ಬರತೈತೇನು?”

ಇಮಾಮಸಾಬ ತಲೆ ತಗ್ಗಿಸಿದ. “ನನಗ ಗೊತ್ತಿಲ್ಲ ಕಾಕಾ. ಧಾರವಾಡಕ ಹೋಗೂಣು. ಪೆಟ್ಟಿಗಿ ಮಾಡಿದ ಬಾಯಾರನ್ನ ಕೇಳೂಣು.”

ಮರುದಿನವೇ ಹೋದರು. ಡಾಕ್ಟರ್ ಹೂಗಾರರು ಅರವತ್ತರ ಹತ್ತಿರದ ಹೆಂಗಸು. ನೂಲಿನ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆ. ಚೀಟಿಯನ್ನು ಎರಡು ಸಲ ಓದಿದರು. ಎದ್ದು ಬೇರೆ ಕೋಣೆಗೆ ಹೋದರು. ಎರಡು ತಾಸಿನ ಮೇಲೆ ಬಂದು ಅವರೆದುರು ಕೂತರು.

“ನಿಮ್ಮ ಮಗಳ ಕಂಪ್ಯೂಟರ್ ಆಸ್ಪತ್ರೆಯೊಳಗ ಇನ್ನೂ ಐತ್ರಿ. ಅಲ್ಲಿ ಹುಡುಕಿಸಿದೆ. ಮೊದಲನೇ ಕರಡಾ ಸೈತ ಹೋಗೇತಿ. ಏನೂ ಉಳಿದಿಲ್ಲರಿ ಕಾಕಾ.”

“ಒಂದ ಅಕ್ಷರಾ?”

“ಉಳಿಯೂದಿಲ್ಲ ಅನ್ನೂದ ಅದರ ಹೆಚ್ಚುಗಾರಿಕಿ. ಊರೂರು ಅಡ್ಡಾಡಿ ಅದನ್ನ ಹೇಳಿ ಹಾರ ಹಾಕಿಸಿಕೊಂಡಾಕಿ ನಾನ.”

ನೇಮಣ್ಣ ತಮ್ಮ ಅಂಗೈಗಳನ್ನು ನೋಡಿಕೊಂಡರು. “ನನಗ ಬೇರೆ ಏನೂ ಬ್ಯಾಡರಿ ಬಾಯಾರ. ಒಂದ ಮಾತ ತಿಳದಿದ್ರ ಸಾಕಾಗಿತ್ತು. ಆಕಿ ನೀರ ತಾನ ಹಾಕಿದಳೋ, ಇಲ್ಲಾ ನಮ್ಮಾಕಿ ಕೇಳಿದಳೋ. ಕೋಣ್ಯಾಗ ಅವರಿಬ್ಬರ ಇದ್ದರು. ಇಬ್ಬರೂ ಹೋದರು. ಉಳದದ್ದು ಆ ನಲವತ್ತೊಂದ ಸೆಕೆಂಡ. ಅದನ್ನ ನಾನ ತಗಿ ಅಂದೆ.”

“ನಿಮ್ಮಾಕಿ ಕೇಳಿದ್ದರ?”

“ಕೇಳಿದ್ದರ ತ್ರಿಶಲಾ ತಾಯಿ ಮಾತ ನಡಿಸಿದಂಗ ಆತು. ಆಕಿ ಮ್ಯಾಲ ಏನ ತಪ್ಪೈತಿ?”

“ಕೇಳಿರದಿದ್ದರ?”

ನೇಮಣ್ಣ ಮೇಜಿನ ಮೇಲಿನ ಚೀಟಿಯನ್ನು ತಮ್ಮ ಕಡೆ ಎಳೆದುಕೊಂಡರು. “ಆಗೂ ಮಗಳ. ನೋಡಲಾರದ ಹಾಕಿದಳು. ಇದನ್ನ ತಿಳಕೊಳ್ಳಾಕ ನನಗ ಒಂಬತ್ತ ವರ್ಷ ಹತ್ತಿತು.”

ಸಂಜೆ ಹತ್ತಿರವಾಗಿತ್ತು. ಹೂಗಾರರು ಅವರನ್ನು ಮನೆಗೆ ಕರೆದರು. ಹೊತ್ತು ಮುಳುಗುವ ಮೊದಲೇ ಊಟ ಮಾಡುವವರೆಂದು ತಿಳಿದು ಬೇಗ ಬಡಿಸಿದರು. ಈರುಳ್ಳಿ, ಬೆಳ್ಳುಳ್ಳಿ ಹಾಕಲಿಲ್ಲ. ನೇಮಣ್ಣ ಒಂದು ರೊಟ್ಟಿ ತಿಂದು ಕೈತೊಳೆದರು. ಹಿಂದಿರುಗುವಾಗ ಬಸ್ಸಿನಲ್ಲಿ ಇಮಾಮಸಾಬ, “ಕಿಸೆ ಕತ್ತರಿಸವರು ಅಂತ ನಾನ ಅಂದೆ ಕಾಕಾ. ಅದು ನನ್ನ ಬಾಯಿಂದ ಬಂತು,” ಎಂದ. “ಬಂತು ಬಿಡು. ನಾನೂ ಹೌದಂದೆ,” ಎಂದು ಅವರು ಅವನ ಮೊಣಕಾಲಿನ ಮೇಲೆ ಕೈಯಿಟ್ಟರು.

ಆಮೇಲಿನ ದಿನಗಳಲ್ಲಿ ನೇಮಣ್ಣ ಒಂದು ವಿಚಿತ್ರ ಅಭ್ಯಾಸಕ್ಕೆ ಬಿದ್ದರು. ಬೆಳಗಿನ ಸಾಮಾಯಿಕ, ಅಂದರೆ ಮೌನದ ಧ್ಯಾನ ಮುಗಿದ ಕೂಡಲೆ ಗಡಿಯಾರವನ್ನು ಮುಂದಿಟ್ಟುಕೊಂಡು, ನಲವತ್ತೊಂದು ಸೆಕೆಂಡಿನಲ್ಲಿ ಮನುಷ್ಯ ಎಷ್ಟು ಹೇಳಬಹುದೆಂದು ನೋಡುತ್ತಿದ್ದರು. ಮಗಳು ಮಾತಾಡುವಾಗ ನಡುನಡುವೆ ತಡೆಯುತ್ತಿದ್ದಳು. ಅದಕ್ಕೂ ಜಾಗ ಬಿಡುತ್ತಿದ್ದರು. ಅಪ್ಪಾ, ಅವ್ವ ನೀರು ಕೇಳಿದಳು. ಅಪ್ಪಾ, ಅವ್ವ ಕೇಳಲಿಲ್ಲ, ನನ್ನಿಂದ ತಡೆಯಲಾಗಲಿಲ್ಲ. ಅಪ್ಪಾ, ನೀನು ಕಲ್ಲಿನ ಮನುಷ್ಯ. ಅಪ್ಪಾ, ಊಟ ಮಾಡಿದೆಯಾ. ಎಲ್ಲವೂ ಹಿಡಿಯುತ್ತಿದ್ದವು. ಒಂದೊಂದಾಗಿ ಹೇಳಿದರೆ ಹೊತ್ತು ಉಳಿಯುತ್ತಿತ್ತು. ಎಲ್ಲವನ್ನೂ ಸೇರಿಸಿದರೂ ಉಳಿಯುತ್ತಿತ್ತು. ಅಷ್ಟು ಹೊತ್ತು ಅವಳು ಏನು ಹೇಳಿದಳು? ತೂಕ ಗೊತ್ತಿದ್ದು ಸರಕು ಗೊತ್ತಿಲ್ಲದ ಇಂಥ ಗಾಡಿ ಅವರ ಮುಂದೆ ಎಂದೂ ನಿಂತಿರಲಿಲ್ಲ.

ಆ ವರ್ಷ ಹೂಗಾರರು ಒಂದು ಹೊಸ ಪೆಟ್ಟಿಗೆಯನ್ನೂ ಹೊರಬಿಡಲಿಲ್ಲ. ಮೇಲಿನವರು ಕೇಳಿದರೆ, ತಿದ್ದುಪಡಿ ನಡೆದಿದೆ ಎನ್ನುತ್ತಿದ್ದರು. ಮುಂದಿನ ಕ್ಷಮಾವಣಿಯ ಬೆಳಿಗ್ಗೆ ಅವರೇ ಚಿಕ್ಕೋಡಿಗೆ ಬಂದರು. ನೇಮಣ್ಣ ಬಸದಿಯಿಂದ ಆಗತಾನೆ ಮರಳಿದ್ದರು. ಊರಿನ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಿ ಬಂದಿದ್ದರು. ಕೇಳಬೇಕಾಗಿದ್ದ ಒಬ್ಬಳನ್ನು ಬಿಟ್ಟು ಎಲ್ಲರನ್ನೂ.

ಹೂಗಾರರು ಚೀಲದಿಂದ ಪೆಟ್ಟಿಗೆ ತೆಗೆದರು. ಹೊರಗಿನಿಂದ ಅದೇ ಪೆಟ್ಟಿಗೆ.

“ಈಗ ಮೂರ ಪ್ರಶ್ನೆ ಕೇಳೂಕಿಂತ ಮೊದಲ ಇದು ಹೆಸರ ಹೇಳತೈತ್ರಿ. ಆಮ್ಯಾಲ ಒಂದ ನಿಮಿಷ ಸುಮ್ಮನ ಕೂಡತೈತಿ. ತಂತ್ರಾಂಶದ ಒಳಗ ಏನೈತೋ, ದನಿ ಇರಲಿ, ಬರಹ ಇರಲಿ, ಅದನ್ನ ಹೊರಗ ಬರಾಕ ಬಿಡತೈತಿ. ಪೆಟ್ಟಿಗಿಯೊಳಗಿನ ಬಿಗಿಯಾದ ಒಂದ ಕೋಣೆಯೊಳಗ, ಕೇಡ ಆಗೂದಿಲ್ಲ. ಕಳ್ಳಾ ಇದ್ದರೂ ಅವನಿಗೆ ಒಂದ ನಿಮಿಷ.”

“ಕೇಳಿದ ಮ್ಯಾಲೂ ತಗದ ಹಾಕಬಹುದು, ಹೌದಲ್ಲ?”

“ಹಾಕಬಹುದು.”

“ಹಂಗಾದ್ರ ಕೇಳೂದರಾಗ ಹೋಗೂದೇನಿತ್ತು?” ಎಂದರು ನೇಮಣ್ಣ. ಅವರು ಕೇಳಿದ್ದು ಪೆಟ್ಟಿಗೆಯ ಬಗೆಗೋ ತಮ್ಮ ಬಗೆಗೋ ಹೂಗಾರರಿಗೆ ತಿಳಿಯಲಿಲ್ಲ. ಅವರು ಕೈಮುಗಿದರು.

“ಇವತ್ತ ನಿಮ್ಮವರು ಕ್ಷಮಾ ಕೇಳೂ ದಿನಾ ಅಂತ ಬಂದೀನಿ. ಕೊಡೂದು ಬಿಡೂದು ನಿಮಗ ಸೇರಿದ್ದು.”

“ನೀವು ಯಂತ್ರಾ ಮಾಡಿದಿರಿ. ಅದು ಪಾಪ, ಮೂರ ಸಲಾ ಕೇಳಿತು. ನಾನು ಆಕಿಗೆ ಒಂದ ಸಲಾನೂ ಕೇಳಲಿಲ್ಲ,” ಎಂದು ನೇಮಣ್ಣ ಅವರ ಮುಗಿದ ಕೈಗಳನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದರು. ಆಗ ಅವರಿಗೆ ಅಳು ಬಂತು. ಮಗಳು ಸತ್ತ ಐದು ವರ್ಷಕ್ಕೆ ಬಂತು. ಅದು ಮೋಹವೆಂದು ಅವರು ತಡೆಯಲಿಲ್ಲ.

ಆ ಒಂದು ನಿಮಿಷ ಮುಂದೆ ಕಾನೂನಾಯಿತು. ಸಾವಿರ ಮನೆಗಳಲ್ಲಿ ಒಂಬೈನೂರ ತೊಂಬತ್ತಕ್ಕಿಂತ ಹೆಚ್ಚು ಕಡೆ ಹೊರಬಂದದ್ದು ಬರಿಯ ಕಸ; ಜನ ಬೇಸರದಿಂದ ಕಾದು, ತೆಗೆ ಎಂದರು. ಉಳಿದ ಮನೆಗಳಲ್ಲಿ ಜನ ಏನು ಕೇಳಿದರೆಂದು ಯಾವ ಕಚೇರಿಯಲ್ಲೂ ದಾಖಲೆಯಿಲ್ಲ. ಅಂಥ ಮನೆಗಳಿಂದ ಮರಳುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬರುತ್ತಿದ್ದೆ ಎಂದು ಇಮಾಮಸಾಬ ಹೇಳುತ್ತಿದ್ದ.

ಇದೆಲ್ಲ ನಡೆಯಲು ಇನ್ನೂ ಮೂವತ್ತು ಮೂವತ್ತೈದು ವರ್ಷವಿದೆ. ನಮ್ಮ ಈಗಿನ ಯಂತ್ರಗಳು ಅಷ್ಟು ನಿಪುಣವಲ್ಲ. ಬೇಡವೆಂದು ನಾವು ತಳ್ಳಿದ ಹೆಸರು, ಸಿಟ್ಟಿನಲ್ಲಿ ತೆರೆಯದೆ ಬಿಟ್ಟ ಸಂದೇಶ, ಮೂಲೆಯಲ್ಲಿ ಎಲ್ಲೋ ಇನ್ನೂ ಹಾಗೆಯೇ ಬಿದ್ದಿರುತ್ತವೆ. ಅವನ್ನು ಕಳಿಸಿದವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ಈ ಹೊತ್ತಿನಲ್ಲಿ ಅವರು ಎಲ್ಲೋ ಊಟಕ್ಕೆ ಕೂತಿರಬಹುದು, ಬಸ್ಸಿಗೆ ಕಾಯುತ್ತಿರಬಹುದು.