ಹಗ್ಗ ಎಳೆದರೂ ನಿಲ್ಲದ ಯಂತ್ರ

ಹಗ್ಗ ಎಳೆದಾಗಿತ್ತು. ಯಂತ್ರ ನಿಲ್ಲಲಿಲ್ಲ!

ಓಯ್ದಿನ್‌ಳ ತೋಳು ಹತ್ತಿಯ ಜೊತೆಗೇ ಯಂತ್ರದ ಬಾಯಿಗೆ ಹೋಗುತ್ತಿತ್ತು. ಪಕ್ಕದವಳು ಕೆಂಪು ಹಗ್ಗಕ್ಕೆ ಜೋತುಬಿದ್ದು ಕಿರುಚುತ್ತಿದ್ದಳು. ಮೆಕ್ಯಾನಿಕ್ ಎರ್ಗಶ್ ಬಿದ್ದೆನೋ ಎದ್ದೆನೋ ಎಂದು ಓಡಿ ಮೇನ್ ಸ್ವಿಚ್ ಆರಿಸಿದ. ಅಷ್ಟರಲ್ಲಿ ಎರಡು ಬೆರಳು ಹೋಗಿದ್ದವು. ಕೈ ಉಳಿಯಿತು.

ಆಂಬುಲೆನ್ಸ್ ಹೊರಟ ಮೇಲೆ ಎರ್ಗಶ್ ಸ್ಟೂಲು ಹತ್ತಿ ಬಾಗಿಲ ಮೇಲಿನ ಗೂಡಿನಲ್ಲಿ ಇಣುಕಿದ. ಹಗ್ಗ ಎಳೆದರೆ ಅಲ್ಲಿರುವ ಕಬ್ಬಿಣದ ಹಿಡಿ ಕೆಳಗೆ ಬಿದ್ದು ಕರೆಂಟು ಕಡಿಯಬೇಕು. ಹಿಡಿ ಪೂರ್ತಿ ಬಿದ್ದಿರಲಿಲ್ಲ. ಅದರಡಿ ಏನೋ ಸಿಕ್ಕಿಕೊಂಡಿತ್ತು—ಒಣಗಿ ಕಲ್ಲಾದ ಒಂದು ತುಂಡು ರೊಟ್ಟಿ!

"ಮುಟ್ಟಬೇಡಿ ಎರ್ಗಶಣ್ಣ! ಹಾಗೇ ಇರಲಿ!"

ಕೂಗಿದವಳು ಸನೋಬರ್. ಫರ್ಗಾನಾ ಕಣಿವೆಯ ಆ ಹತ್ತಿ ಮಿಲ್ಲಿಗೆ ವಸಂತದಲ್ಲಿ ಬಂದ ಸುರಕ್ಷತಾ ಅಧಿಕಾರಿ. ಬಂದವಳೇ ಧೂಳೆಳೆಯುವ ಕೊಳವೆ ಹಾಕಿಸಿದಳು, ಯಂತ್ರಗಳ ಉದ್ದಕ್ಕೂ ಈ ಕೆಂಪು ಹಗ್ಗ ಕಟ್ಟಿಸಿದಳು. ಮಿಲ್ಲಿನವರನ್ನೆಲ್ಲ ಸೇರಿಸಿ, ಒಬ್ಬೊಬ್ಬರನ್ನೇ ಸ್ಟೂಲು ಹತ್ತಿಸಿ, ಹಿಡಿ ಮುಟ್ಟಿಸಿ, "ನಿಮ್ಮ ಜೀವ ಇರೋದು ಇಲ್ಲಿ" ಎಂದು ಹೇಳಿಕೊಟ್ಟಳು. ಎರ್ಗಶ್ ಮೊದಲು ಅವಳನ್ನು 'ಹಗ್ಗದಮ್ಮ' ಎಂದು ಆಡಿಕೊಂಡವನೇ. ಆದರೆ ಬೇಸಿಗೆ ಪೂರ್ತಿ ಮಿಲ್ಲಿನಲ್ಲಿ ಒಬ್ಬರಿಗೂ ರಕ್ತ ಬರಲಿಲ್ಲ. ಚಹಾ ಕಾಸುವ ಮುದುಕಿ ಕೂಡ ಹೊಸಬರಿಗೆ ಹಗ್ಗದ ಪಾಠ ಹೇಳತೊಡಗಿದಳು. ಅಲ್ಲಿಗೆ ಅವನ ಬಾಯಿ ಕಟ್ಟಿತು. ಮನಸ್ಸಿನಲ್ಲೇ ಅವಳಿಗೆ ಕೈಮುಗಿದಿದ್ದ.

ಮಿಲ್ಲಿನ ಡೈರೆಕ್ಟರ್ ನಿಜಾಮಿದ್ದೀನ್ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಆ ಬಾಗಿಲಲ್ಲಿ ಬಗ್ಗಬೇಕಾದವರು ಅವರೊಬ್ಬರೇ.

"ಸೋಮವಾರ ಸೋಮವಾರ ಇದನ್ನ ನೋಡೋನು ಯಾರು?"

"ನಾನೇ ಸಾಹೇಬ್ರೆ. ಈ ಸೋಮವಾರಾನೂ ನೋಡಿದ್ದೆ. ಚೆನ್ನಾಗಿತ್ತು."

"ಚೆನ್ನಾಗಿದ್ದಿದ್ದು ಮೂರೇ ದಿನಕ್ಕೆ ರೊಟ್ಟಿ ತಿಂತಾ? ಹೊಣೆ ನಿಂದು. ಸಂಜೆ ಪೊಲೀಸರು ಬರ್ತಾರೆ, ನಿನ್ನ ಹೆಸರೇ ಕೊಡ್ತೀನಿ. ಸಾಮಾನು ಕಟ್ಟು!"

ಎರ್ಗಶನಿಗೆ ಮೊದಲು ನೆನಪಾದದ್ದು ಮಗಳು. ಕೆಲಸ ಹೋದರೆ ಹೋಗಲಿ. ಮಗಳ ಮದುವೆ ಗೊತ್ತಾಗಿದೆ—ಜೈಲಿಗೆ ಹೋದವನ ಮಗಳನ್ನು ಯಾರು ತರುತ್ತಾರೆ?

"ಸಂಜೆಗೆ ಇನ್ನೂ ಹೊತ್ತಿದೆಯಲ್ಲ ಸಾಹೇಬ್ರೆ," ಎಂದಳು ಸನೋಬರ್. "ಅಲ್ಲೀವರೆಗೆ ನಾಲ್ಕು ಮಾತು ಕೇಳ್ತೀನಿ."

"ಕೇಳಮ್ಮ ತಂಗಿ, ಬೇಡ ಅಂದೋರ್ಯಾರು?"

ಅವಳು ತಾನೇ ಸ್ಟೂಲು ಹತ್ತಿದಳು. ರೊಟ್ಟಿಯನ್ನು ಮುಟ್ಟದೆ ಬಹಳ ಹೊತ್ತು ನೋಡಿದಳು. ರೊಟ್ಟಿಯ ಅಕ್ಕಪಕ್ಕ ಬೆರಳಾಡಿಸಿದಳು. ಗೂಡಿನ ಮೂಲೆಯಲ್ಲೂ ಆಡಿಸಿದಳು. ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಳಿದಳು. ಬೆರಳಲ್ಲಿ ಏನು ನೋಡಿದಳೋ ಎರ್ಗಶನಿಗೆ ತಿಳಿಯಲಿಲ್ಲ.

ಪಾಳಿಯ ಮೇಸ್ತ್ರಿ ಹಮ್ದಮ್ ಕಂಬಕ್ಕೆ ಒರಗಿ ನಿಂತಿದ್ದ. ಎಲ್ಲರ ಕಣ್ಣೂ ಅವನ ಮೇಲೇ.

"ಹಮ್ದಮಣ್ಣ, ಈ ಹಗ್ಗ ನಮ್ಮ ಕೊರಳಿಗೆ ನೇಣು ಅಂದೋರು ನೀವೇ ತಾನೆ?"

"ಅಂದೆ. ಈಗಲೂ ಅಂತೀನಿ. ಸುಮ್ಸುಮ್ನೆ ಯಂತ್ರ ನಿಂತ್ರೆ ಹತ್ತಿ ಬಿಡಿಸೋರು ಯಾರು—ನಿಮ್ಮತ್ತೇನಾ?"

"ಅದಕ್ಕೇ ಹಿಡಿ ಬೀಳದ ಹಾಗೆ ಮಾಡಿದ್ರಾ?"

"ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಕೊಳ್ಳಲಿ? ಹಂಗೆ ಮಾಡೋದಿದ್ರೆ ಕಾಲ ಕೆಳಗೇ ಬೇಕಾದಷ್ಟು ಮರದ ಚೂರಿದೆ. ರೊಟ್ಟಿ ಇಟ್ಟು ಕೇಡು ಮಾಡೋಕೆ ನಾನೇನು ದೇವರಿಲ್ಲದೋನಾ?"

ಸನೋಬರ್ ನಕ್ಕಳು. "ಆಯ್ತು. ನೆಲದ ಮೇಲೆ ರೊಟ್ಟಿ ಚೂರು ಬಿದ್ದಿದ್ರೆ ಏನ್ಮಾಡ್ತೀರಿ?"

"ಇದೊಂದು ಪ್ರಶ್ನೆನಾ? ಎತ್ತಿ ತುಟಿಗೆ, ಹಣೆಗೆ ಒತ್ಕೊಂಡು, ಕಾಲು ತಾಗದ ಎತ್ತರದಲ್ಲಿ ಇಡೋದು. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

"ಈ ಹಾಲ್‌ನಲ್ಲಿ ಎಲ್ಲಿ ಇಡ್ತೀರಿ?"

"ಮುಂಚೆ ಆ ಕಿಟಕಿ ಕಟ್ಟೆ ಮೇಲೆ ಇಡ್ತಿದ್ವಿ. ಈಗೆಲ್ಲಿದೆ ಕಿಟಕಿ? ಕೊಳವೆ ಕೂರಿಸಿ ನೀವೇ ಮುಚ್ಚಿಸಿದ್ರಲ್ಲ! ನಾನಂತೂ ಚಹಾ ಕೋಣೆಗೆ ಒಯ್ದು ಇಡ್ತೀನಿ."

ಸನೋಬರ್‌ಳ ನಗು ಹಾಗೇ ಇಂಗಿತು. ಮುಚ್ಚಿದ ಕಿಟಕಿಯತ್ತ ಒಮ್ಮೆ ನೋಡಿ ಎರ್ಗಶನ ಕಡೆ ತಿರುಗಿದಳು.

"ನೀವು ಆ ಗೂಡಲ್ಲಿ ಇಡ್ತಿದ್ರಾ ಎರ್ಗಶಣ್ಣ?"

"ಅಕ್ಕಾ! ಅದು ಗೂಡಾ? ಮೂವತ್ತು ಜನರ ಜೀವ ಅದು. ನೀವೇ ಮುಟ್ಟಿಸಿ ಹೇಳಿದ್ದು!"

"ಇವರ ರೊಟ್ಟಿ ಪುರಾಣ ಸಾಕು!" ಡೈರೆಕ್ಟರ್ ಗುಡುಗಿದರು. "ಮಾಡಿದ್ದು ಯಾರು? ಅದು ಹೇಳು."

"ಹೇಳ್ತೀನಿ. ರೊಟ್ಟಿ ನೋಡಿದಾಗ ಎಲ್ಲರೂ 'ಯಾರು ಸಿಕ್ಕಿಸಿದ್ರು' ಅಂದ್ರಿ. ಹೇಗಿಟ್ಟಿದ್ದಾರೆ ಅಂತ ಯಾರೂ ನೋಡಲಿಲ್ಲ. ಬೇಯಿಸೋ ಮುಂಚೆ ರೊಟ್ಟಿಗೆ ಹೂವಿನ ಅಚ್ಚು ಒತ್ತುತ್ತೀವಲ್ಲ, ಆ ಮುಖ ಮೇಲಕ್ಕಿದೆ—ಮಗುಚಿಟ್ಟರೆ ರೊಟ್ಟಿಗೆ ಅವಮಾನ. ಗೂಡಿನ ತುಂಬ ಹತ್ತಿ ಧೂಳಿದೆ—ರೊಟ್ಟಿಯ ಸುತ್ತ ಮಾತ್ರ ಇಲ್ಲ. ಯಾರೋ ಒರೆಸಿದ್ದಾರೆ. ಕೇಡು ಮಾಡೋಕೆ ಬಂದೋನು ಧೂಳು ಒರೆಸ್ತಾನಾ?"

ಸನೋಬರ್ ಗೂಡಿನತ್ತ ಕೈ ತೋರಿದಳು.

"ಅಂದ್ರೆ ಇಟ್ಟೋರು ಭಕ್ತಿಯಿಂದ ಇಟ್ಟಿದ್ದಾರೆ. ಹಿಡಿ ಅಂತ ಗೊತ್ತಿದ್ದೋರು ಅಲ್ಲಿ ಏನನ್ನೂ ಇಡಲ್ಲ. ಅದರ ಪಾಠಕ್ಕೆ ಮಿಲ್ಲಿನಲ್ಲಿ ಎಲ್ಲರೂ ಬಂದಿದ್ರು—ಒಬ್ಬರನ್ನ ಬಿಟ್ಟು. ಅವರಿಗೆ ಅವತ್ತು ಮೀಟಿಂಗ್ ಇತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಲ್ ಸುತ್ತೋರು ಅವರೇ. ಸ್ಟೂಲಿಲ್ಲದೆ ಆ ಗೂಡು ಎಟಕೋದೂ ಅವರಿಗೇ."

ಹೆಸರು ಹೇಳುವ ಅಗತ್ಯ ಬೀಳಲಿಲ್ಲ. ನಿಜಾಮಿದ್ದೀನರ ಮುಖ ಬಿಳಿಚಿಕೊಂಡಿತು. ಗೂಡಿನ ಮುಂದೆ ಹೋಗಿ ನಿಂತರು. ಅದು ಸರಿಯಾಗಿ ಅವರ ಕೈ ಎಟಕುವ ಎತ್ತರಕ್ಕಿತ್ತು.

"ನಿನ್ನೆ ಬೆಳಿಗ್ಗೆ... ಬಾಗಿಲ ಹತ್ರ ಬಿದ್ದಿತ್ತು. ತುಳೀತಾರಲ್ಲ ಅಂತ ಎತ್ತಿಟ್ಟೆ. ತೋಳಲ್ಲಿ ಒರೆಸಿ, ಬಿಸ್ಮಿಲ್ಲಾ ಅಂತಲೇ ಇಟ್ಟೆ. ಇಟ್ಟದ್ದೇ ಮರೆತುಹೋಗಿತ್ತು, ನೀನು ಹೇಳಿದ ಮೇಲೇ ನೆನಪಾಯ್ತು." ಎರ್ಗಶನ ಕಡೆ ತಿರುಗಿದರು. "ಪೊಲೀಸರಿಗೆ ನಾನೇ ಹೇಳ್ತೀನಿ. ನಿನ್ನನ್ನ ಬೈದದ್ದು ಮನಸ್ಸಿನಲ್ಲಿ ಇಟ್ಕೋಬೇಡ ತಮ್ಮಾ."

ಎದೆಯ ಮೇಲಿಂದ ಚಪ್ಪಡಿ ಇಳಿದಂತಾಯಿತು ಎರ್ಗಶನಿಗೆ. ಆದರೆ ಆ ದೊಡ್ಡ ಆಳು ಹಾಗೆ ಕುಗ್ಗಿ ನಿಂತದ್ದನ್ನು ನೋಡಿ ಸಂತೋಷಪಡಲು ಆಗಲಿಲ್ಲ.

"ಓಯ್ದಿನ್‌ಗೆ ಏನಂತ ಹೇಳಲಿ?" ಎಂದರು ಡೈರೆಕ್ಟರ್, ಯಾರನ್ನೂ ನೋಡದೆ.

"ಇದ್ದದ್ದನ್ನ ಇದ್ದ ಹಾಗೆ ಹೇಳಿ," ಎಂದಳು ಸನೋಬರ್. "ನಾನೂ ಬರ್ತೀನಿ. ಕಿಟಕಿ ಮುಚ್ಚಿಸಿದೋಳು ನಾನು. ಮುಚ್ಚಿಸೋ ಮುಂಚೆ, ಇದರ ಮೇಲೆ ನೀವು ಏನಿಡ್ತೀರಿ ಅಂತ ಒಬ್ಬರನ್ನೂ ಕೇಳಲಿಲ್ಲ."

ಎರ್ಗಶ್ ಅವಳನ್ನೇ ನೋಡಿದ. ಅವನನ್ನು ಉಳಿಸಿದ್ದಳು. ತನ್ನನ್ನು ತಾನು ಉಳಿಸಿಕೊಳ್ಳುವುದು ಇನ್ನೂ ಸುಲಭವಿತ್ತು—ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇಂಥವಳನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಅವನು ಹೊರಗೆ ಹೋಗಿ ಮಿಲ್ಲಿನ ಜೀಪು ಬಾಗಿಲಿಗೆ ತಂದ.

"ಜೀಪು ಹತ್ತಿ ಅಕ್ಕಾ. ನೀವೂ ಹತ್ತಿ ಸಾಹೇಬ್ರೆ. ಆಸ್ಪತ್ರೆಗೆ ನಾನೂ ಬರಬೇಕು. ದಿನಾ ನೋಡಬೇಕಾದ್ದನ್ನ ನಾನು ಸೋಮವಾರ ಮಾತ್ರ ನೋಡ್ತಿದ್ದೆ."