ನೀಲಿ ಬಂದಾಗ ಹೇಳು

ನನ್ನ ಹೆಂಡತಿ ತೀರಿಕೊಂಡ ಮೇಲೆ ಇವತ್ತೇ ಮೊದಲು ಕುಲುಮೆ ಹೊತ್ತಿಸಿದ್ದು. ದೇವರನ್ನು ನೆನೆದು, ಹೊಳಪಿಟ್ಟ ಉಕ್ಕಿನ ಪಿನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಒಡ್ಡಿದೆ. ಕಾಯುತ್ತಾ ಹೋದಂತೆ ಉಕ್ಕು ಮೊದಲು ಒಣಹುಲ್ಲಿನ ಹಳದಿಯಾಗುತ್ತದೆ, ಆಮೇಲೆ ನೇರಳೆ, ಆಮೇಲೆ ನವಿಲಿನ ಕೊರಳಿನ ನೀಲಿ. ಆ ನೀಲಿಯಲ್ಲೇ ಎಣ್ಣೆಗೆ ಅದ್ದಿದರೆ ಬೇಗ ತುಕ್ಕು ಹಿಡಿಯದು. ತಡಮಾಡಿದರೆ ಬೂದಿಬಣ್ಣಕ್ಕೆ ತಿರುಗಿ ಕೆಲಸ ಕೆಡುತ್ತದೆ.

ಅವಳು ಈ ಕುಲುಮೆಯ ಯಜಮಾನರ ಮಗಳು. ನಾನು ಕೆಲಸಕ್ಕೆ ಸೇರಿದ ದಿನ ಬಾಗಿಲಲ್ಲಿ ನಿಂತು ಕೇಳಿದಳು, "ಬಣ್ಣ ನೋಡೋಕೆ ಬರುತ್ತಾ?"

ಬರುತ್ತಿತ್ತು. ಆದರೆ ಅವಳ ಕಣ್ಣು ನೋಡಿದವನ ಬಾಯಿಗೆ ಬಂದದ್ದೇ ಬೇರೆ. "ನೇರಳೆಗೂ ನೀಲಿಗೂ ನಂಗೆ ವ್ಯತ್ಯಾಸ ಗೊತ್ತಾಗಲ್ಲ."

"ಚೆನ್ನಾಗಿದೆ! ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗಾಯ್ತು. ಸರಿ, ನಾನು 'ಈಗ' ಅಂತೀನಿ. ಆಗ ಅದ್ದಿ."

ಬಂದು ನನ್ನ ಬಲಗಡೆ ನಿಂತಳು. ಮದುವೆಯಾಯಿತು, ಮಗಳು ಹುಟ್ಟಿದಳು, ಇಬ್ಬರ ತಲೆಯೂ ನರೆಯಿತು. ಅವಳು ಆ ಜಾಗ ಬಿಡಲಿಲ್ಲ. ಕೈಬೆನ್ನಿನಿಂದ ಹಣೆ ಒರೆಸಿಕೊಂಡು, ಓರೆಗಣ್ಣಲ್ಲಿ ನನ್ನನ್ನು ನೋಡಿ, "ಈಗ" ಅನ್ನುವಳು.

ಇವತ್ತೂ ನೀಲಿ ಬಂತು. ಬಲತೋಳಿಗೆ ಅವಳ ಮೈಯ ಬಿಸುಪು ತಾಗಿದಂತಾಗಿ, ಕಿವಿಗೊಟ್ಟು ಕಾದೆ. ದನಿ ಬರಲಿಲ್ಲ. ಪಿನ್ನು ಬೂದಿಬಣ್ಣವಾಯಿತು. ಎರಡನೆಯದೂ ಹಾಗೇ. ತಿದಿ ಒತ್ತುತ್ತಿದ್ದ ಮಗಳತ್ತ ತಿರುಗಿದೆ.

"ಕುಲುಮೆ ಮುಚ್ಚಿಬಿಡೋಣ, ಮಗಳೇ," ಎಂದೆ. "ನಂಗೆ ಬಣ್ಣ ಮೊದಲಿಂದಲೂ ಕಾಣುತ್ತೆ. ಅವಳು ಪಕ್ಕದಲ್ಲಿರಲಿ ಅಂತ ಸುಳ್ಳು ಹೇಳಿದ್ದೆ. ಈಗ ಅವಳ ದನಿ ಇಲ್ಲದೆ ಕೈ ಓಡಲ್ಲ."

ಮಗಳು ಅಳುತ್ತಲೇ ನಕ್ಕಳು. "ಅಮ್ಮಂಗೆ ಗೊತ್ತಿತ್ತಪ್ಪಾ. ಮದುವೆಗೆ ಮುಂಚೆನೇ ಒಂದಿನ ಬೇಕಂತಲೇ ನೇರಳೆಗೇ 'ಈಗ' ಅಂದ್ಲಂತೆ. ನೀವು ಅದ್ದಲೇ ಇಲ್ಲ, ನೀಲಿ ಬರೋವರೆಗೂ ಕಾದಿರಂತೆ. 'ಕಳ್ಳ ಸಿಕ್ಕಿಬಿದ್ದ, ಆದ್ರೆ ಇವನನ್ನೇ ಮದುವೆ ಆಗೋದು ಅಂತ ಅವತ್ತೇ ಅಂದ್ಕೊಂಡೆ' ಅಂತಿದ್ಲು."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಪಕ್ಕ ನಿಲ್ಲೋಕೆ ಅವಳಿಗೆ ಬೇರೆ ನೆಪ ಎಲ್ಲಿತ್ತು?"

ದೇವರು ಇಷ್ಟು ದೊಡ್ಡ ಸೊತ್ತನ್ನು ಇಷ್ಟು ಹತ್ತಿರದಲ್ಲೇ ಬಚ್ಚಿಟ್ಟಿದ್ದ.

ಮೂರನೆಯ ಪಿನ್ನು ಹಿಡಿದೆ. ಹಳದಿ ಕಳೆಯಿತು. ನೇರಳೆ ಏರುತ್ತಿರುವಾಗ, ಬಲಗಿವಿಯ ಹತ್ತಿರ, ನಗು ತಡೆದುಕೊಂಡ ಅವಳದೇ ದನಿ ಕೇಳಿಸಿತು.

"ಈಗ."

"ಇನ್ನೂ ನೇರಳೆ ಕಣೇ, ಕಳ್ಳಿ," ಎಂದೆ.

ನೀಲಿ ಬರುವವರೆಗೂ ಇಬ್ಬರೂ ಕಾದೆವು. ಆಮೇಲೆ ಎಣ್ಣೆಗೆ ಅದ್ದಿದೆ.