ಮೇಷ್ಟ್ರ ಕಂಪ್ಯೂಟರಿಗೆ ಕಾವಲು

ಡ್ರಾಯಿಂಗ್ ಮೇಷ್ಟ್ರು ತನ್ನ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡು ಅವನು ಕೈಯಲ್ಲಿದ್ದ ಬ್ಯಾಟರಿಯನ್ನು ಕೆಳಗಿಟ್ಟ. ಮಗಳು ಸತ್ತ ಮೇಲೆ ಅವರು ಈ ಕಡೆ ಬಂದಿದ್ದು ಇದೇ ಮೊದಲು. ಗೊತ್ತಾಗಿಬಿಟ್ಟಿತೇ? ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತರು, ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ನಮ್ಮನೆ ಕಂಪ್ಯೂಟರಿಗೆ ಏನಾದ್ರೂ ಕಾವಲು ಹಾಕ್ಕೊಡಪ್ಪ. ಈ ಕರೆಂಟು ಒಂದ್ಸಲ ಸಾಯುತ್ತೆ, ಒಂದ್ಸಲ ಮೈಮೇಲೆ ಬರುತ್ತೆ. ಎದುರುಮನೆಯೋರ ಟಿವಿ ಸುಟ್ಟೇ ಹೋಯ್ತು. ನಂದೂ ಹಾಗಾದ್ರೆ ಮಗಳು ಎರಡನೇ ಸಲ ಸತ್ತಂಗೆ."

ಅವನು ಮಾರುತ್ತಿದ್ದದ್ದು ಅದನ್ನೇ: ಸ್ಟೆಬಿಲೈಸರ್, ಬ್ಯಾಟರಿ, ಯುಪಿಎಸ್. ಮೇಷ್ಟ್ರ ಮಗಳು ಚಿಕ್ಕವಳಿದ್ದಾಗಿಂದ ಅವನನ್ನು ಕರೆಂಟ್ ಮಾಮ ಎನ್ನುತ್ತಿದ್ದಳು. ಕಾಲೇಜು ಸೇರಿದ ಮೇಲೂ ಆ ಹೆಸರು ಬಿಟ್ಟಿರಲಿಲ್ಲ. ಅವಳು ಹಳದಿ ರೈನ್‌ಕೋಟ್ ತೊಟ್ಟು ಸೈಕಲ್ ತುಳಿಯುತ್ತಿದ್ದ ಆ ಸಂಜೆ, ಮಳೆಯಲ್ಲಿ, ತಿರುವಿನಲ್ಲಿ ಅವಳಿಗೆ ಗುದ್ದಿದ್ದು ಅವನ ವ್ಯಾನು. ಕನ್ನಡಿಯಲ್ಲಿ ಹಳದಿ ಬಣ್ಣ ಕಂಡಿತ್ತು. ಬ್ರೇಕಿನ ಮೇಲೆ ಕಾಲೂ ಇಟ್ಟಿದ್ದ. ಆಮೇಲೆ ತೆಗೆದ. ಒಡೆದ ದೀಪವನ್ನು ಹೆಂಡತಿಗೆ ತೋರಿಸಿ, ಗೋದಾಮಿನ ಗೇಟಿಗೆ ತಗುಲಿತು ಎಂದ. ಮರುದಿನ ಸಾವಿನ ಮನೆಗೆ ಕುರ್ಚಿಗಳನ್ನು ಹೊತ್ತು ತಂದವನೂ ಅವನೇ.

ಪೊಲೀಸರು ಕೈಚೆಲ್ಲಿದ್ದರು. ಮೇಷ್ಟ್ರು ಬಿಟ್ಟಿರಲಿಲ್ಲ. ಆ ರಸ್ತೆಯ ಒಂದೊಂದೇ ಅಂಗಡಿಗೆ ಹೋಗಿ ಕೈಮುಗಿದು, ಕ್ಯಾಮೆರಾಗಳು ಹಳೆಯದನ್ನು ಅಳಿಸಿಕೊಳ್ಳುವ ಮೊದಲೇ ಆ ದಿನದ ವಿಡಿಯೋಗಳನ್ನೆಲ್ಲ ತಂದು ಕಂಪ್ಯೂಟರಿಗೆ ತುಂಬಿಸಿಕೊಂಡಿದ್ದರು. ಅಂಗಡಿಗಳಲ್ಲಿ ಈಗ ಅವು ಉಳಿದಿರಲಿಲ್ಲ. ದಿನವಿಡೀ ತೆರೆಯ ಮುಂದೆ ಕುಳಿತು, ಚಿತ್ರ ಬಿಡಿಸುವವರ ತಾಳ್ಮೆಯಲ್ಲಿ ಒಂದೊಂದು ಗಾಡಿಯನ್ನೂ ನಿಲ್ಲಿಸಿ ನೋಡುತ್ತಿದ್ದರು.

"ಬಿಳಿ ವ್ಯಾನು ಅಂತ ಗೊತ್ತಾಗಿದೆ. ನಿಂದೂ ಅದೇ ಥರದ್ದಲ್ವಾ?" ಎಂದು ಮೇಷ್ಟ್ರು ಮುಗ್ಧವಾಗಿ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ದಡ್ಡ ಅವನಲ್ಲ. "ಊರಲ್ಲಿ ಅರ್ಧ ಗಾಡಿ ಅದೇ ಮೇಷ್ಟ್ರೇ," ಎಂದ. "ಸಿಕ್ಕಿದ್ರೆ ಏನ್ಮಾಡ್ತೀರಿ ಅವನನ್ನ?"

"ಏನ್ಮಾಡ್ಲಿ? ಅವಳು ತುಂಬ ಹೊತ್ತು ಉಸಿರಾಡ್ತಿದ್ಲಂತೆ. ಯಾಕಪ್ಪಾ ನಿಲ್ಲಿಸ್ಲಿಲ್ಲ ಅಂತ ಕೇಳ್ಬೇಕು, ಅಷ್ಟೇ."

ಅವರು ಹೋದ ಮೇಲೆ ಅವನು ಯುಪಿಎಸ್‌ಗಳಿದ್ದ ಕಪಾಟಿನ ಕಡೆ ತಿರುಗಿದ. ಆ ಪ್ರಶ್ನೆಯೇ ಬಾರದ ಹಾಗೆ ಮಾಡುವ ದಾರಿ ಕೇಳದೆಯೇ ಬಾಗಿಲಿಗೆ ಬಂದಿತ್ತು. ಕುರಿ ತಾನಾಗಿ ಬಂದು ತೋಳವನ್ನು ಕಾವಲಿಗೆ ಕರೆದಿತ್ತು.

ಅಂಗಡಿಯಲ್ಲಿದ್ದವುಗಳಲ್ಲೇ ಉತ್ತಮವಾದ ಯುಪಿಎಸ್ ಆರಿಸಿದ. ಅಗ್ಗದ್ದನ್ನು ಹಾಕಿದರೆ ನಾಳೆ ಯಾರಾದರೂ ಬೆರಳು ತೋರಿಸಿಯಾರು. ಮೇಷ್ಟ್ರ ಕೋಣೆಯೊಂದಕ್ಕೇ ಅದರ ಸಂಪರ್ಕ ಕೊಟ್ಟ: ಕಂಪ್ಯೂಟರು, ಒಂದು ದೀಪ, ಒಂದು ಫ್ಯಾನು. ಮೇಷ್ಟ್ರ ಮುಂದೆಯೇ ಮೇನ್ ಸ್ವಿಚ್ ಇಳಿಸಿ ಪರೀಕ್ಷೆಯನ್ನೂ ಮಾಡಿ ತೋರಿಸಿದ. ಫ್ಯಾನು ಒಂದು ಸುತ್ತೂ ತಡವರಿಸಲಿಲ್ಲ. ಮೇಷ್ಟ್ರು ಮಗುವಿನಂತೆ ಬೆರಗಾದರು.

ಆಮೇಲೆ ಅವರನ್ನು ಊಟ ಮುಗಿಸಿ ಬನ್ನಿ ಎಂದು ಒಳಗೆ ಕಳಿಸಿ, ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ. ಪೆಟ್ಟಿಗೆಗೆ ಬರುವ ಕರೆಂಟು ಪೂರ್ತಿಯಾಗಿ ಡಿಸ್ಕಿನೊಳಕ್ಕೇ ನುಗ್ಗುವಂತೆ ಒಂದು ಅಡ್ಡದಾರಿ ಮಾಡಿದ. ಅದನ್ನು ತೆರೆಯುವ ಪುಟ್ಟ ಗುಂಡಿ ಪೆಟ್ಟಿಗೆಯ ಬೆನ್ನಿಗೆ, ಧೂಳು ಕೂರುವ ಜಾಗದಲ್ಲಿ ಅಂಟಿಕೊಂಡಿತು. ಸುಟ್ಟ ಮೇಲೆ ರಿಪೇರಿಯ ನೆಪದಲ್ಲಿ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದರೆ ತಂತಿಯೂ ಇಲ್ಲ, ಗುಂಡಿಯೂ ಇಲ್ಲ. ಆ ಬೀದಿಯ ಕರೆಂಟಿಗೆ ಮೊದಲೇ ಕೆಟ್ಟ ಹೆಸರಿತ್ತು. ಬಲ್ಬುಗಳು ಸಿಡಿಯುತ್ತಿದ್ದವು, ಫ್ರಿಜ್ಜುಗಳು ನಡುಗುತ್ತಿದ್ದವು. ಎಂಥ ಯುಪಿಎಸ್ಸನ್ನೂ ದಾಟಿ ಬರುವ ಹೊಡೆತವೊಂದು ಯಾವಾಗಲೋ ಬಂದೀತು ಎಂದರೆ ನಂಬದವರಾರು? ಹಾವು ಸಾಯಬೇಕು, ಕೋಲು ಮುರಿಯಬಾರದು.

"ಈ ವಿಡಿಯೋಗಳದ್ದೊಂದು ಕಾಪಿ ನನ್ನ ಹತ್ರ ಇರ್ಲಿ ಮೇಷ್ಟ್ರೇ. ಯಾವುದಕ್ಕೂ ಒಳ್ಳೇದು," ಎಂದು ಹೊರಡುವಾಗ ಅವನೇ ಕೇಳಿದ. ಮೇಷ್ಟ್ರ ಕಣ್ಣು ತುಂಬಿತು. "ಸ್ವಂತ ತಮ್ಮ ಇದ್ದಿದ್ರೂ ಇಷ್ಟು ಯೋಚಿಸ್ತಿರ್ಲಿಲ್ಲ ಕಣೋ." ಆ ಕಾಪಿಯನ್ನು ಅವನು ಅಂದೇ ಅಳಿಸಿದ. ಇನ್ನೊಂದು ಕಾಪಿ ಮಾಡಿಸುವ ಯೋಚನೆ ಮೇಷ್ಟ್ರಿಗೆ ಇನ್ನು ಬರುವುದಿಲ್ಲ ಎಂಬುದೂ ಅವನ ಲೆಕ್ಕದೊಳಗೇ ಇತ್ತು.

ಗುಂಡಿಯನ್ನು ಅಂದೇ ಒತ್ತಬಹುದಿತ್ತು. ಒತ್ತಲಿಲ್ಲ. ಹೊಸ ಯುಪಿಎಸ್ ಬಂದ ದಿನವೇ ಸುಟ್ಟರೆ ಮಾತು ಹುಟ್ಟುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ನಿಜವಾದ ಕಾರಣ ಬೇರೆ ಇರಬಹುದು, ಅದನ್ನು ಕೆದಕಲು ಹೋಗಲಿಲ್ಲ. ಒಡೆದ ದೀಪದ ಬಗ್ಗೆ ಹೆಂಡತಿ ಮತ್ತೆ ಏನೂ ಕೇಳಿರಲಿಲ್ಲ. ಅವಳು ಕೇಳದೇ ಇರುವುದೇ ಅವನಿಗೆ ಭಯ ಹುಟ್ಟಿಸುತ್ತಿತ್ತು. ಡಿಸ್ಕು ಸುಟ್ಟರೂ ಆ ಹಳದಿ ಬಣ್ಣ ಕನ್ನಡಿಯಿಂದ ಅಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಬೇರೆ ದಾರಿಯೂ ಕಾಣಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರ ಫೋನು ಬಂತು. "ಬೇಗ ಬಾರೋ. ಔಷಧಿ ಅಂಗಡಿ ವಿಡಿಯೋದಲ್ಲಿ ಸ್ಪಷ್ಟವಾಗಿದೆ. ನನ್ನ ಕಣ್ಣಿಗೆ ನಂಬರು ತಿಳೀತಿಲ್ಲ, ನೀನು ಓದು."

ಮುಖ್ಯರಸ್ತೆಯ ಅಂಗಡಿಯನ್ನು, ಉರಿಯುತ್ತಿದ್ದ ದೀಪವನ್ನೂ ಆರಿಸದೆ, ಹಾಗೇ ಬಿಟ್ಟು ಓಡಿದ. ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ತೆರೆಯ ಮೇಲೆ ಮಳೆ ನಿಂತುಬಿಟ್ಟಿತ್ತು. ಮಳೆಯ ಹಿಂದೆ ಬಿಳಿ ವ್ಯಾನು, ಅದರ ನೆತ್ತಿಯ ಮೇಲೆ ಕಟ್ಟಿದ ಅವನದೇ ಏಣಿ. ನಂಬರು ಮಸುಕಾಗಿತ್ತು, ಆದರೆ ಅದನ್ನು ಓದಲು ಅವನಿಗೆ ಕಣ್ಣೇ ಬೇಕಿರಲಿಲ್ಲ.

"ಕಾಣ್ತಾ?"

"ಇರಿ, ವೈರು ಸಡಿಲ ಆಗಿರ್ಬೇಕು, ಚಿತ್ರ ಅಲ್ಲಾಡ್ತಿದೆ," ಎಂದು ಬಗ್ಗಿ ಪೆಟ್ಟಿಗೆಯ ಹಿಂದೆ ಕೈ ಹಾಕಿದ. ಗುಂಡಿ ಬೆರಳಿಗೆ ಸಿಕ್ಕಿತು. ಒತ್ತಿದ.

ಟಪ್ ಎಂದಿತು. ತೆರೆ ಕಪ್ಪಾಯಿತು. ಪೆಟ್ಟಿಗೆಯ ಸಂದಿಯಿಂದ ಸಣ್ಣಗೆ ಹೊಗೆ ಎದ್ದು, ಸುಟ್ಟ ವಾಸನೆ ಕೋಣೆ ತುಂಬಿತು. "ಅಯ್ಯೋ, ಹೈ ವೋಲ್ಟೇಜ್!" ಎಂದು ಕೂಗಿ ಪ್ಲಗ್ಗು ಕಿತ್ತ. ಕೂಗು ಚೆನ್ನಾಗಿಯೇ ಬಂತು, ಏಕೆಂದರೆ ಅದರಲ್ಲಿ ಅರ್ಧ ನಿಜವಾದ ಅಳುವಿತ್ತು. ಮೇಷ್ಟ್ರು ಬೆಚ್ಚಗಿದ್ದ ಕಪ್ಪು ಗಾಜಿನ ಮೇಲೆ ಅಂಗೈ ಇಟ್ಟರು. ಯಾರದೋ ಹಣೆ ಮುಟ್ಟುವ ಹಾಗೆ ಮೆಲ್ಲಗೆ ಇಟ್ಟರು.

"ನಿನ್ನ ಹತ್ರ ಇನ್ನೊಂದಿದೆಯಲ್ಲಪ್ಪ?"

"ಮೊನ್ನೆ ನೋಡಿದೆ ಮೇಷ್ಟ್ರೇ, ಅದೂ ತೆರೀತಿಲ್ಲ. ಇದನ್ನ ಅಂಗಡಿಗೆ ಒಯ್ದು ನೋಡ್ತೀನಿ, ಏನಾದ್ರೂ ಉಳಿದಿರ್ಬಹುದು." ಮೇಷ್ಟ್ರು ಕುರ್ಚಿಯ ಮೇಲೆ ಕುಳಿತರು. ಅವನು ತಂತಿಗಳನ್ನೆಲ್ಲ ಬಿಡಿಸಿ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಎದ್ದ.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದರು. ಮಗಳು ಹೋದ ಮೇಲೆ ಅವರು ಮಾತಾಡುವುದೇ ಅಪರೂಪ. "ಏನು ವಾಸನೆ ಇದು?" ಎಂದರು. "ಹೈ ವೋಲ್ಟೇಜ್ ಅಕ್ಕಾ. ಲೈನಲ್ಲಿ ಒಂದೇ ಸಲ ನುಗ್ಗಿಬಿಡ್ತು," ಎಂದು ಅವನು ಬಾಗಿಲ ಕಡೆ ಹೆಜ್ಜೆ ಹಾಕಿದ. ಅವರು ದಾರಿ ಬಿಡದೆ, ಅರ್ಥವಾಗದವರಂತೆ ಗಂಡನ ಮುಖ ನೋಡಿದರು. "ಯಾವ ಲೈನಲ್ಲಿ ತಮ್ಮಾ? ಆ ತುದೀಲಿ ಕಂಬ ಬದಲಾಯಿಸ್ತಿದ್ದಾರೆ ಅಂತ ಬೆಳಗ್ಗೆಯಿಂದ ಬೀದಿಗೇ ಕರೆಂಟಿಲ್ಲ. ಅಡುಗೆಮನೇಲಿ ಮಿಕ್ಸಿ ತಿರುಗಿಲ್ಲ, ಚಟ್ನಿನ ಕೈಯಲ್ಲೇ ಕುಟ್ಟಿದೀನಿ." ಅವನು ಹಾಕಿಕೊಟ್ಟ ಯುಪಿಎಸ್ಸಿನ ಬಲದಿಂದ ತಲೆಯ ಮೇಲೆ ಫ್ಯಾನು ಒಂದು ಸುತ್ತೂ ತಡವರಿಸದೆ ತಿರುಗುತ್ತಿತ್ತು. ಮೇಷ್ಟ್ರು ತಲೆಯೆತ್ತಿ ಫ್ಯಾನನ್ನು ನೋಡಿದರು, ಆಮೇಲೆ ಅವನನ್ನು. ಮೆಲ್ಲಗೆ ಎದ್ದು ಬಂದು ಪೆಟ್ಟಿಗೆಯ ಇನ್ನೊಂದು ಅಂಚನ್ನು ಎರಡೂ ಕೈಯಲ್ಲಿ ಹಿಡಿದು, "ಕೆಳಗಿಡಪ್ಪ," ಎಂದರು.